ಹೊಲಿಗೆ ಟೀಚರ ಸೈಬರ್ ಪಾಠ

ಗೊತ್ತಿಲ್ಲದ ವಿಷಯವನ್ನು ಕಲಿಸುವುದರಲ್ಲಿ ಒಂದು ಸುಖವಿದೆ. ಗೊತ್ತಿದ್ದ ವಿಷಯವಾದರೆ ಎಲ್ಲಿ ತಪ್ಪುತ್ತೇವೋ ಎಂಬ ಅಂಜಿಕೆ ಇರುತ್ತದೆ. ಗೊತ್ತಿಲ್ಲದ್ದರಲ್ಲಿ ತಪ್ಪಿದರೆ ನಮಗೇ ತಿಳಿಯುವುದಿಲ್ಲ, ನೆಮ್ಮದಿಯಾಗಿ ತಪ್ಪಬಹುದು. ಇಪ್ಪತ್ತೆರಡು ವರ್ಷ ಹೊಲಿಗೆ ಕಲಿಸಿದ ನನಗೆ ಈ ಸುಖ ಸಿಕ್ಕಿರಲಿಲ್ಲ. ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಚುವುದು, ಇವುಗಳಲ್ಲಿ ನಾನು ಒಂದು ಎಳೆ ತಪ್ಪಿದರೂ ಹಿಂದಿನ ಬೆಂಚಿನ ಹುಡುಗಿಯೂ ಹಿಡಿದುಬಿಡುತ್ತಾಳೆ. ಆದರೆ ಎರಡು ವರ್ಷದ ಹಿಂದೆ ಒಂದು ಸೋಮವಾರ ನಮ್ಮ ಹೆಡ್ ಮಾಸ್ತರು ನನ್ನನ್ನು ಕರೆದು, ಇನ್ನು ಮುಂದೆ ಹೆಣ್ಣುಮಕ್ಕಳಿಗೆ ಸೈಬರ್ ಸುರಕ್ಷತೆಯ ಪಾಠವನ್ನೂ ನೀವೇ ಮಾಡಬೇಕು ಎಂದರು.

ನಾನು ಬಳ್ಳಾರಿಯವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕುರುಗೋಡಿನ ಹೈಸ್ಕೂಲಿಗೆ ಹೋಗಿ ಬರುತ್ತೇನೆ. ಆ ದಿನ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕಿತ್ತು. ದಿನದ ಮೊದಲಿಗೇ ಅಷ್ಟು ಒಳ್ಳೆಯದಾದರೆ ಸಂಜೆಯೊಳಗೆ ಏನಾದರೂ ವಕ್ಕರಿಸುತ್ತದೆ ಎಂದು ನನಗೆ ಅನುಭವವಿದೆ. ಆದರೂ ಕೇಳಿದೆ, "ನನಗ್ಯಾಕ್ರಿ ಸರ್?"

"ಕಂಪ್ಯೂಟರ್ ಮಾಸ್ತರ ಪೋಸ್ಟು ಖಾಲಿ ಐತಿ. ವಿಜ್ಞಾನದವ್ರು ಒಲ್ಲೆ ಅಂದ್ರು. ಗಣಿತದವ್ರಿಗೆ ಬಿಪಿ ಐತಿ. ಇಡೀ ಸಾಲ್ಯಾಗ ಮಷೀನು ನಡಸಾಕ ಬರೋದು ನಿಮಗೊಬ್ಬರಿಗೇ ಟೀಚರ್ರ."

"ಅದು ಹೊಲಿಗಿ ಮಷೀನ್ರಿ ಸರ್."

"ಮಷೀನು ಅಂದ್ರ ಮಷೀನು ಬಿಡ್ರಿ."

"ನಂದು ಕಾಲಿಲೆ ತುಳಿಯೋದ್ರಿ."

"ಹಂಗಾದ್ರ ಇನ್ನೂ ಚಲೋ ಆತು. ಕರೆಂಟ್ ಹೋದ್ರೂ ಪಾಠ ನಿಲ್ಲಂಗಿಲ್ಲ," ಎಂದು ಅವರು ಆದೇಶಕ್ಕೆ ಸಹಿ ಹಾಕಿದರು.

ಬಳ್ಳಾರಿಯಲ್ಲಿ ಒಂದು ದಿನದ ತರಬೇತಿ. ಸಭಾಂಗಣದಲ್ಲಿ ಮೂರು ಫ್ಯಾನು, ಅದರಲ್ಲಿ ಎರಡು ತಿರುಗುತ್ತಿದ್ದವು. ತಿರುಗದ್ದರ ಕೆಳಗೆ ನಾನು. ಪಾಠ ಮಾಡಲು ಬಂದ ಹುಡುಗಿ ಬಹಳ ಜಾಣೆ, ಬಹಳ ವೇಗ. ಅವಳು "ಫಿಶಿಂಗ್" ಎಂದಳು. ನಾನು ನೋಟ್‌ಬುಕ್ಕಿನಲ್ಲಿ "ಮೀನು ಹಿಡಿಯುವುದು: ಅಪರಾಧ" ಎಂದು ಬರೆದುಕೊಂಡೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ, ಮೀನಿನ ಹೆಸರು ಬರೆದ ಮೇಲೆ ಪೆನ್ನನ್ನು ಸೆರಗಿಗೆ ಒರೆಸಿಕೊಂಡೆ ಕೂಡ. ಪಕ್ಕದಲ್ಲಿ ಸಿರಿಗೇರಿ ಕಡೆಯ ಡ್ರಿಲ್ ಮಾಸ್ತರೊಬ್ಬರು ಕೂತಿದ್ದರು. ಅವರು ನನ್ನ ಪುಸ್ತಕದಲ್ಲಿ ಇಣುಕಿ, ಅದನ್ನು ಹಾಗೇ ತಮ್ಮ ಪುಸ್ತಕಕ್ಕೆ ಇಳಿಸಿಕೊಂಡು, "ಹೊಳಿ ದಂಡಿ ಮಂದಿಗೆ ಇದು ಭಾಳ ತ್ರಾಸಾತಲ್ರಿ," ಎಂದು ನಿಜವಾದ ಕಾಳಜಿಯಿಂದ ಹೇಳಿದರು. ಮಧ್ಯಾಹ್ನದ ಊಟವಾದ ಮೇಲೆ ತಿಳಿಯಿತು, ಅದು ಮೀನಲ್ಲ, ಮನುಷ್ಯರನ್ನು ಹಿಡಿಯುವ ಸಂಗತಿ ಎಂದು. ಸುಳ್ಳು ಹೆಸರು ಹೇಳಿ, ಆಸೆ ತೋರಿಸಿ, ನಮ್ಮ ಗುಟ್ಟನ್ನು ನಮ್ಮ ಬಾಯಿಂದಲೇ ಹೊರಡಿಸುವುದು. ನಾನು ಬರೆದಿದ್ದನ್ನು ಹೊಡೆದುಹಾಕಿದೆ. ಡ್ರಿಲ್ ಮಾಸ್ತರು ನಿದ್ದೆ ಮಾಡುತ್ತಿದ್ದರು. ಅವರ ಶಾಲೆಯಲ್ಲಿ ಯಾರೂ ಮೀನು ಹಿಡಿಯಬಾರದೆಂದು ಪಾಠವಾಗಿರಬೇಕು.

ಮರುವಾರ ಒಂಬತ್ತನೇ ತರಗತಿಯ ನಲವತ್ತೆರಡು ಹುಡುಗಿಯರ ಎದುರು ನಿಂತೆ. "ಯಾರ್ಯಾರ ಹತ್ರ ಫೋನ್ ಐತಿ?" ಎಂದು ಕೇಳಿದರೆ ಒಂದು ಕೈಯೂ ಏಳಲಿಲ್ಲ. "ಯಾರ್ಯಾರು ಫೋನ್ ನೋಡ್ತೀರಿ?" ಎಂದರೆ ನಲವತ್ತೆರಡೂ ಎದ್ದವು. ಅಪ್ಪನದು, ಅಣ್ಣನದು, ಮಾವನದು. ಮುಂದಿನ ಬೆಂಚಿನ ಶಾಹೀನ್ ಎದ್ದು ನಿಂತಳು. ಆ ಹುಡುಗಿಗೆ ಉಸಿರಾಡುವುದಕ್ಕಿಂತ ಮಾತಾಡುವುದು ಸಲೀಸು. "ನಮ್ಮ ಅಣ್ಣನ ಫೋನಿನ ಪಾಸ್‌ವರ್ಡ್ ನನಗ ಗೊತ್ತೈತ್ರಿ ಮಿಸ್. ನನಗ ಗೊತ್ತೈತಿ ಅಂತ ಅವಗ ಗೊತ್ತಿಲ್ರಿ. ಹಂಗಾರ ಸುರಕ್ಷಿತ ಇರೋದು ಯಾರ್ರಿ, ನಾನೋ ಅವನೋ?" ತರಬೇತಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿರಲಿಲ್ಲ. ಕೂಡು ಎಂದೆ.

ಎರಡು ಹಂತದ ಭದ್ರತೆ ಎಂದು ಒಂದು ಇದೆ. ಪಾಸ್‌ವರ್ಡ್ ಹಾಕಿದ ಮೇಲೆ ಇನ್ನೊಂದು ಸಂಖ್ಯೆಯನ್ನೂ ಕೇಳುವುದು. ಅದನ್ನು ಹೇಗೆ ವಿವರಿಸಲಿ ಎಂದು ಹೊಳೆಯದೆ, ನನಗೆ ಬರುವ ವಿದ್ಯೆಗೇ ಇಳಿದೆ. "ಜಂಪರಿಗೆ ಒಂದೇ ಹುಕ್ಕು ಹಚ್ಚಿಕೊಂಡು ಮದುವಿಗೆ ಹೋಗ್ತೀರೇನು? ಒಂದು ಬಿಚ್ಚಿದ್ರ ಇನ್ನೊಂದು ಹಿಡೀಬೇಕು. ಅದ ಇದು." ತರಗತಿ ಬೆಂಚುಗಳು ಅಲುಗಾಡುವಂತೆ ನಕ್ಕಿತು. ಆದರೆ ಮರುದಿನ ಹದಿನೇಳು ಮನೆಗಳಲ್ಲಿ ಅಪ್ಪಂದಿರ ಫೋನಿಗೆ ಎರಡನೇ ಹುಕ್ಕು ಬಿದ್ದಿತ್ತು. ಅದರಲ್ಲಿ ಐವರು ಅಪ್ಪಂದಿರು ತಮ್ಮ ಫೋನೇ ತೆರೆಯುತ್ತಿಲ್ಲವೆಂದು ಶಾಲೆಗೆ ಬಂದದ್ದು ಬೇರೆ ಮಾತು.

ಗಾಳದ ಪಾಠ ಮಾತ್ರ ನಾನು ಮಾಡಲಿಲ್ಲ, ಹುಲಿಗೆಮ್ಮ ಮಾಡಿದಳು. ಬಾದನಹಟ್ಟಿಯಿಂದ ಬರುವ ಹುಡುಗಿ, ಮಾತು ಕಡಿಮೆ, ಕೈ ಮಾತ್ರ ಬಂಗಾರ. ನೆಲದ ಮೇಲೆ ಚುಕ್ಕಿ ಇಡದೆ ರಂಗೋಲಿ ಎಳೆಯುತ್ತಾಳೆ. ನಾನು ಎರೆಹುಳ, ಕೊಕ್ಕೆ ಎಂದು ತಡವರಿಸುತ್ತಿದ್ದಾಗ ಅವಳು ಕೂತಲ್ಲಿಂದಲೇ ಮೆಲ್ಲಗೆ, "ನಮ್ಮ ಮಾವ ಕಾಲುವ್ಯಾಗ ಗಾಳ ಹಾಕ್ತಾನ್ರಿ ಮಿಸ್. ಕೊಕ್ಕಿ ಕಾಣಬಾರ್ದು, ಹುಳ ಅಷ್ಟ ಕಾಣಬೇಕ್ರಿ. ಮೀನಕ್ಕ ಹಸಿವಿ ಇರಬೇಕಂತೇನಿಲ್ಲ. ನನಗ ಅಂತ ಯಾರೋ ತಂದಾರ ಅನ್ನಿಸಿದ್ರ ಸಾಕು," ಎಂದಳು. ಬಳ್ಳಾರಿಯ ಸಭಾಂಗಣದಲ್ಲಿ ತಿರುಗದ ಫ್ಯಾನಿನ ಕೆಳಗೆ ಇಡೀ ದಿನ ಕೂತು ನಾನು ಕಲಿಯದ್ದನ್ನು ಆ ಹುಡುಗಿ ಎರಡು ಮಾತಿನಲ್ಲಿ ಮುಗಿಸಿದಳು. "ಹೂಂ, ನಾನೂ ಅದನ್ನ ಹೇಳಾಕ ಹೊಂಟಿದ್ದೆ," ಎಂದೆ.

ನಾಲ್ಕು ವಾರ ಕಳೆಯುವುದರಲ್ಲಿ ನನಗೆ ಸಣ್ಣಗೆ ಸೊಕ್ಕು ಬಂದಿತ್ತು. ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಜೋರಾಗಿ ಅಕೌಂಟ್ ನಂಬರು ಹೇಳಿದರೆ ಬೆನ್ನು ತಟ್ಟಿ ಬುದ್ಧಿ ಹೇಳುತ್ತಿದ್ದೆ. ಮನೆಯಲ್ಲಿ ನಮ್ಮ ಯಜಮಾನರು ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಸಂಕಷ್ಟಿಯ ಪಕ್ಕದಲ್ಲೇ ಬರೆದಿದ್ದನ್ನು ಕಂಡು ಎರಡು ದಿನ ಮಾತು ಬಿಟ್ಟೆ. ನಾನು ಈ ಊರಿನ ಹೆಣ್ಣುಮಕ್ಕಳ ಕೋಟೆಗೋಡೆ ಎಂದು ನನಗೇ ಅನಿಸತೊಡಗಿತ್ತು.

ಹೀಗಿರುವಾಗ ಹುಲಿಗೆಮ್ಮ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವಳ ಬದಲು ಅವರಪ್ಪ ಹನುಮಂತಪ್ಪ ಬಂದ. ಕೂಲಿಗೆ ಹೋಗುವ ಮನುಷ್ಯ, ಅಂದಿನ ಕೆಲಸ ಬಿಟ್ಟು ಬಂದಿದ್ದ. ಹೆಡ್ ಮಾಸ್ತರ ಕೋಣೆಯಲ್ಲಿ ಕುರ್ಚಿ ಕೊಟ್ಟರೂ ಕೂರದೆ, "ಹುಡುಗಿದು ಟೀಸಿ ಕೊಡ್ರಿ. ಸಾಲಿ ಸಾಕು," ಎಂದ. ನನ್ನನ್ನು ಕರೆಸಿದರು. ಯಾಕೆ ಎಂದು ಕೇಳಿದರೆ ಅವನು ಅಂಗಿಯ ಕಿಸೆಯಿಂದ ಫೋನು ತೆಗೆದು ನನ್ನ ಕೈಗಿಟ್ಟ.

ಓದಿದೆ. ಯಾರೋ ಒಬ್ಬ ರಾಜ್ಯ ಮಟ್ಟದ ರಂಗೋಲಿ ಸ್ಪರ್ಧೆಯ ಮುಖ್ಯಸ್ಥನಂತೆ. 'ಕುರುಗೋಡಿನ ಶಾಲೆಯಲ್ಲಿ ಎರಡನೇ ಬಹುಮಾನ ಪಡೆದ ಒಂಬತ್ತನೇ ತರಗತಿಯ ಹುಲಿಗೆಮ್ಮ, ನೀನು ಆಯ್ಕೆಯಾಗಿದ್ದೀಯ' ಎಂದು ಶುರುಮಾಡಿದ್ದ. ಒಳ್ಳೆಯ ಬಟ್ಟೆ ಹಾಕಿಕೊಂಡು ಒಬ್ಬಳೇ ಇರುವ ಫೋಟೋ ಕಳಿಸು ಎಂದಿದ್ದ. ಹುಡುಗಿ ಕಳಿಸಿರಲಿಲ್ಲ. 'ಸ್ಪರ್ಧಿ ಎಲ್ಲಿ ನಡೀತೈತ್ರಿ? ನಮ್ಮ ಮಿಸ್ಸಿಗೆ ಹೇಳ್ರಿ' ಎಂದು ಉತ್ತರ ಕೊಟ್ಟಿದ್ದಳು. ಅದಾದ ಮೇಲೆ ಅವನ ಮಾತಿನ ಬಣ್ಣ ಬದಲಾಗಿತ್ತು. ನಿನ್ನ ಫೋಟೋ ನನ್ನ ಹತ್ತಿರ ಈಗಾಗಲೇ ಇದೆ, ನಿನ್ನ ಮನೆ ನೀರಿನ ಟ್ಯಾಂಕಿನ ಹಿಂದೆ, ನಿನ್ನಪ್ಪನ ಹೆಸರು ಹನುಮಂತಪ್ಪ, ಕಳಿಸದಿದ್ದರೆ ಇದ್ದ ಫೋಟೋವನ್ನೇ ಕೆಡಿಸಿ ಊರಿಗೆಲ್ಲ ಹಂಚುತ್ತೇನೆ ಎಂದು ಬರೆದಿದ್ದ.

"ಆಕಿ ಏನೂ ತಪ್ಪು ಮಾಡಿಲ್ಲಪ್ಪ. ಸರಿಯಾಗೇ ಉತ್ತರ ಕೊಟ್ಟಾಳ," ಎಂದೆ.

"ಖರೇ ಇರಬೌದ್ರಿ. ಆದ್ರ ಟ್ಯಾಂಕಿನ ಹಿಂದಿನ ಮನಿ ಅಂತ ಯಾರು ಹೇಳಿದ್ರು ಅವಗ? ಸಾಲಿಗೆ ಹೋಗೋದ್ಕ ಅಲ್ಲೇನ್ರಿ ಇದೆಲ್ಲ ಹೊರಗ ಹೋಗಿದ್ದು? ಫೋನ್ ಕಸಗೊಂಡೀನಿ, ಸಾಲಿ ಬಿಡಿಸ್ತೀನಿ. ಮನ್ಯಾಗಿರಲಿ."

ಟೀಸಿ ಬರೆಯುವ ಗುಮಾಸ್ತರು ಚಹಾಕ್ಕೆ ಹೋಗಿದ್ದರು. ಅವರು ಚಹಾಕ್ಕೆ ಹೋದರೆ ಒಂದು ಪಿರಿಯಡ್ಡು ಬರುವುದಿಲ್ಲ. ನನ್ನ ಜೀವನದಲ್ಲಿ ಮೊದಲ ಸಲ ಆ ಮನುಷ್ಯನ ಸೋಮಾರಿತನಕ್ಕೆ ಕೈಮುಗಿದೆ. ಹನುಮಂತಪ್ಪನನ್ನು ಅಲ್ಲೇ ಕಾಯಲು ಹೇಳಿ, ಸೀದಾ ಒಂಬತ್ತನೇ ತರಗತಿಗೆ ನುಗ್ಗಿದೆ. ಮೇಜು ಕುಟ್ಟಿದೆ. ನಿಮ್ಮೊಳಗೇ ಯಾರೋ ಒಬ್ಬರು ಹುಲಿಗೆಮ್ಮನ ಮನೆ, ಅಪ್ಪನ ಹೆಸರು, ನಂಬರು ಎಲ್ಲ ಹೊರಗಿನವನಿಗೆ ಕೊಟ್ಟಿದ್ದೀರಿ, ನಾಲ್ಕು ವಾರ ಗಂಟಲು ಹರಿದುಕೊಂಡದ್ದು ನೀರಲ್ಲಿ ಹೋಯಿತು, ಯಾರೆಂದು ತಾವಾಗಿ ಒಪ್ಪಿಕೊಂಡರೆ ಸರಿ ಎಂದೆ. ಕೋಪದಲ್ಲಿ ನಾನು ಬಹಳ ಚೆನ್ನಾಗಿ ಮಾತಾಡುತ್ತೇನೆ. "ನಂಬಿಕಿ ಅನ್ನೋದು ಅರಿವಿ ಇದ್ದಂಗ, ಒಮ್ಮೆ ಕತ್ತರಿ ಬಿತ್ತಂದ್ರ ಹೊಲಿದ್ರೂ ಗುರುತು ಉಳೀತೈತಿ," ಎಂದೂ ಹೇಳಿದೆ. ಎರಡು ಹುಡುಗಿಯರು ಅತ್ತರು. ತಪ್ಪಿತಸ್ಥರು ಅವರೇ ಇರಬೇಕೆಂದು ಅವರನ್ನೇ ದಿಟ್ಟಿಸಿದೆ.

ಶಾಹೀನ್ ಎದ್ದಳು. "ಮಿಸ್, ನಿಮ್ಮ ಫೋನ್ ಸ್ವಲ್ಪ ಕೊಡ್ರಿ. ಹುಡುಕಿ ನೋಡ್ತೀನಿ."

ಪತ್ತೇದಾರಿಕೆಗೆ ಇರಲಿ ಎಂದು ಕೊಟ್ಟೆ. ಅವಳು ಬೆರಳಿನಿಂದ ಏನೋ ಮೇಲೆ ಕೆಳಗೆ ಸರಿಸಿದಳು. ಅವಳ ಮುಖದಲ್ಲಿ ನಾನು ಎಂದೂ ಕಾಣದ ಒಂದು ಸಂಗತಿ ಕಂಡಿತು: ಮಾತು ನಿಂತಿತ್ತು. ಫೋನನ್ನು ಮೇಜಿನ ಮೇಲಿಟ್ಟು, ಬಹಳ ಮರ್ಯಾದೆಯಿಂದ ನನ್ನ ಕಡೆ ತಿರುಗಿಸಿದಳು.

ಅದು ನನ್ನದೇ ಫೇಸ್‌ಬುಕ್ ಪುಟ. ಇಲ್ಲಿ ನನ್ನ ಒಂದು ಚಟದ ಬಗ್ಗೆ ಹೇಳಬೇಕು. ಶಾಲೆಯಲ್ಲಿ ಏನೇ ನಡೆಯಲಿ, ಅದರ ಫೋಟೋ ತೆಗೆದು ಹಾಕದಿದ್ದರೆ ನನಗೆ ಅದು ನಡೆದಂತೆಯೇ ಅನಿಸುವುದಿಲ್ಲ. ಬಹುಮಾನ ಬಂದ ಮಕ್ಕಳದಂತೂ ತಪ್ಪಿಸುವುದೇ ಇಲ್ಲ. ಪಾಪ, ಅವರ ಹೆಸರು ನಾಲ್ಕು ಜನಕ್ಕೆ ತಿಳಿಯಲಿ ಎಂದು. ರಂಗೋಲಿ ಪಕ್ಕ ನಿಂತ ಹುಲಿಗೆಮ್ಮನ ಫೋಟೋ, ಕೆಳಗೆ ಶಾಲೆ, ತರಗತಿ, ಬಹುಮಾನ ಎಲ್ಲವೂ ನನ್ನ ಅಕ್ಷರದಲ್ಲೇ ಇತ್ತು. ಸಿರುಗುಪ್ಪದಲ್ಲಿರುವ ನಮ್ಮಕ್ಕ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು, 'ಲಕ್ಷಣ ಅದಾಳ. ಯಾರ ಮಗಳು?' ಎಂದು ಕೇಳಿದ್ದಳು. ಯಾರ ಮಗಳು ಎಂದು ಕೇಳಿದರೆ ಉತ್ತರ ಕೊಡದೆ ಇರುವ ಸಂಸ್ಕಾರ ನಮ್ಮದಲ್ಲ. 'ಬಾದನಹಟ್ಟಿ ಹನುಮಂತಪ್ಪನ ಮಗಳು ಅಕ್ಕಾ, ನೀರಿನ ಟ್ಯಾಂಕಿನ ಹಿಂದಿನ ಮನಿ' ಎಂದು ನಾನು ಬರೆದಿದ್ದೆ. ಅದರ ಕೆಳಗೆ ಗುಲಾಬಿ ಹೂವಿನ ಚಿತ್ರ ಇಟ್ಟುಕೊಂಡ ಯಾರೋ ಒಬ್ಬರು, 'ನಮ್ಮ ಮನೆ ಗೃಹಪ್ರವೇಶಕ್ಕೆ ಈ ಮಗುವಿನಿಂದ ರಂಗೋಲಿ ಹಾಕಿಸಬೇಕು ಮೇಡಂ, ನಂಬರ್ ಸಿಗಬಹುದೇ?' ಎಂದಿದ್ದರು. ಆ ಬಡ ಹುಡುಗಿಗೆ ನಾಲ್ಕು ಕಾಸು ಬರಲಿ ಎಂದು ಶಾಲೆಯ ರಿಜಿಸ್ಟರು ತೆಗೆದು ನೋಡಿ ಹತ್ತೂ ಅಂಕಿಗಳನ್ನು ಕೊಟ್ಟು, ಕೊನೆಗೆ ಕೈಮುಗಿಯುವ ಗುರುತನ್ನೂ ಹಾಕಿದ್ದೆ.

ಆ ಗುಲಾಬಿಯೊಳಗೇ ಕೊಕ್ಕೆ ಇದ್ದದ್ದು. ನಾನು ಹಸಿದಿರಲಿಲ್ಲ, ಆದರೂ ಕಚ್ಚಿದ್ದೆ. ತರಗತಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅತ್ತಿದ್ದ ಇಬ್ಬರಲ್ಲಿ ಒಬ್ಬಳು ಎದ್ದುಬಂದು ನನಗೆ ತನ್ನ ನೀರಿನ ಬಾಟಲಿ ಕೊಟ್ಟಳು.

ತರಗತಿಯಿಂದ ಹೆಡ್ ಮಾಸ್ತರ ಕೋಣೆಗೆ ಐವತ್ತು ಹೆಜ್ಜೆ. ಆ ಐವತ್ತು ಹೆಜ್ಜೆಯಲ್ಲಿ ನಾನು ಮೂರು ಸುಳ್ಳುಗಳನ್ನು ಹೊಲಿದೆ, ಮೂರನ್ನೂ ಬಿಚ್ಚಿದೆ. ಮೊದಲನೆಯದು, ನನ್ನ ಫೋನನ್ನು ಯಾರೋ ಕದ್ದಿದ್ದರು ಎಂಬುದು. ಎರಡನೆಯದರಲ್ಲಿ ಅಕ್ಕನನ್ನು ಸಿಕ್ಕಿಸಿದ್ದೆ. ಮೂರನೆಯದು ನನಗೇ ನೆನಪಿಲ್ಲ. ಒಳಗೆ ಹೋದಾಗ ಹನುಮಂತಪ್ಪ ಇನ್ನೂ ನಿಂತೇ ಇದ್ದ. ಅವನ ಪಾದಕ್ಕೆ ಹತ್ತಿದ ಗದ್ದೆಯ ಕೆಸರು ಒಣಗಿ ನೆಲದ ಮೇಲೆ ಸಣ್ಣಗೆ ಉದುರಿತ್ತು. ಅದನ್ನು ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ಹನುಮಂತಪ್ಪ, ನಿನ್ನ ಮನಿ, ನಿನ್ನ ಹೆಸರು, ನಿನ್ನ ನಂಬರು ಎಲ್ಲಾ ಅವಗ ಕೊಟ್ಟಾಕಿ ನಾನೇ," ಎಂದು ಫೋನು ತೋರಿಸಿದೆ.

ಹೆಡ್ ಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಈ ಲೋಕದಿಂದ ಸ್ವಲ್ಪ ಹೊತ್ತು ದೂರ ಇರಬೇಕಾದಾಗ ಹಾಗೆ ಮಾಡುತ್ತಾರೆ. ಹನುಮಂತಪ್ಪನಿಗೆ ಓದು ಅಷ್ಟಕ್ಕಷ್ಟೆ. ಒಂದೊಂದೇ ಅಕ್ಷರ ಕೂಡಿಸಿ, ತನ್ನ ಹೆಸರು ಬಂದಲ್ಲಿ ಬೆರಳಿಟ್ಟು, ಪೂರ್ತಿ ಓದಿದ. ಬೈಯುತ್ತಾನೆಂದು ಕಾದೆ. ಅವನು ಫೋನನ್ನು ಕೈಯಲ್ಲೇ ಹಿಡಿದು, ಸಮಾಧಾನದಿಂದ ಕೇಳಿದ:

"ಹಂಗಾರ ತಪ್ಪು ನಿಮ್ಮದಾತು."

"ಹೌದಪ್ಪ."

"ನಾನು ಫೋನ್ ಕಸಗೊಂಡಿದ್ದು ನನ್ನ ಮಗಳ ಕೈಯಾಗಿಂದು."

"ಹೌದು."

"ತಪ್ಪು ಮಾಡಿದವ್ರ ಫೋನ್ ಕಸಗೋಬೇಕಲ್ರಿ ನ್ಯಾಯಕ್ಕ," ಎಂದವನೇ ನನ್ನ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ನಾನು ಹೆಡ್ ಮಾಸ್ತರ ಮುಖ ನೋಡಿದೆ. ಅವರು ಕನ್ನಡಕದ ಇನ್ನೊಂದು ಗಾಜು ಒರೆಸುತ್ತಿದ್ದರು. ಕಿಸೆಯೊಳಗಿಂದ ಆಗಲೇ ನನ್ನ ಫೋನು ಗುಂಯ್‌ಗುಟ್ಟಿತು, ಅಕ್ಕನೇ ಇರಬೇಕು. ಹನುಮಂತಪ್ಪ ಕಿಸೆಯನ್ನೊಮ್ಮೆ ನೋಡಿಕೊಂಡ; ಅವನ ಮೀಸೆಯ ಕೆಳಗೆ ಏನೋ ಅಲುಗಿತು. ಫೋನು ತೆಗೆದು ಮೇಜಿನ ಮೇಲಿಟ್ಟ. "ತಗೋರಿ. ಇಂಥಾ ಗದ್ದಲದ್ದು ನನಗ್ಯಾಕ. ಟೀಸಿ ಈಗ ಬ್ಯಾಡ ಬಿಡ್ರಿ. ಆದ್ರ ಆ ಮಗನ್ನ ಹಿಡಿಯೋತನಕ ನೀವೂ ನನ್ನ ಸಂಗಾಟ ಬರಬೇಕು."

ಹುಲಿಗೆಮ್ಮನನ್ನೂ ಮನೆಯಿಂದ ಕರೆಸಿಕೊಂಡು ಆ ಮಧ್ಯಾಹ್ನವೇ ಪೊಲೀಸ್ ಠಾಣೆಗೆ ಹೊರಟೆವು. ಬಳ್ಳಾರಿಯ ಬಸ್ಸಿನಲ್ಲಿ ಹುಲಿಗೆಮ್ಮ ಕಿಟಕಿ ಪಕ್ಕ, ನಡುವೆ ನಾನು, ಈ ಕಡೆ ಅವಳಪ್ಪ. ಹುಡುಗಿಗೆ ಏನೆಂದು ಹೇಳಲಿ ಎಂದು ಅರ್ಧ ದಾರಿ ಒದ್ದಾಡಿದೆ. ಕೊನೆಗೆ "ನನ್ನಿಂದ ತಪ್ಪಾತವ್ವ," ಎಂದೆ. ಅವಳು ಹೊರಗೆ ನೋಡುತ್ತಲೇ, "ನಾನ ತಪ್ಪು ಮಾಡೀನಿ ಅಂತ ತಿಳ್ಕೊಂಡಿದ್ದೆ ಮಿಸ್," ಎಂದಳು. ಮೂರು ದಿನ ಆ ಮಗು ಮನೆಯ ಮೂಲೆಯಲ್ಲಿ ಕೂತು, ತಾನೇನು ಮಾಡಿದೆ ಎಂದು ಹುಡುಕಿಕೊಂಡಿತ್ತು. ನಾನು ಆಮೇಲೆ ಬಳ್ಳಾರಿ ಬರುವವರೆಗೂ ಬಾಯಿ ತೆರೆಯಲಿಲ್ಲ. ನನ್ನನ್ನು ಬಲ್ಲ ಕಂಡಕ್ಟರು ಆರಾಮಿಲ್ಲವೇ ಎಂದು ಕೇಳಿದ.

ಠಾಣೆಯಲ್ಲಿ ಒಬ್ಬ ಹೆಣ್ಣುಮಗಳೇ ಅಧಿಕಾರಿ. ಎಲ್ಲವನ್ನೂ ತಾಳ್ಮೆಯಿಂದ ಬರೆದುಕೊಂಡರು. ಹುಲಿಗೆಮ್ಮ ಯಾವ ಮೆಸೇಜನ್ನೂ ಅಳಿಸದೆ ಇಟ್ಟಿದ್ದಕ್ಕೆ ಶಹಬ್ಬಾಸ್ ಎಂದರು. ಅದು ನಾನು ಹೇಳಿಕೊಟ್ಟದ್ದು ಎಂದು ಹೇಳಲು ಬಾಯಿವರೆಗೆ ಬಂತು, ನುಂಗಿದೆ.

"ಇಷ್ಟೆಲ್ಲಾ ವಿವರ ಅವನಿಗೆ ಹೆಂಗ ಸಿಕ್ತು?" ಎಂದು ಕೇಳಿದರು.

"ನಾನೇ ಕೊಟ್ಟೇನ್ರಿ."

"ನೀವು ಯಾರು?"

"ಸಾಲ್ಯಾಗ ಸೈಬರ್ ಸುರಕ್ಷತೆ ಪಾಠ ಮಾಡೋ ಟೀಚರ್ರಿ."

ಅವರು ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದರು. ಆಮೇಲೆ ಪೆನ್ನು ಎತ್ತಿಕೊಂಡು, ನನ್ನ ಉದ್ಯೋಗದ ಜಾಗದಲ್ಲಿ ಬರೀ 'ಶಿಕ್ಷಕಿ' ಎಂದು ಬರೆದರು. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಎರಡು ವಾರದೊಳಗೆ ಆಸಾಮಿ ಸಿಕ್ಕಿದ. ಎಲ್ಲೋ ದೂರದ ದೇಶದ ಖದೀಮನಿರಬೇಕೆಂದು ನಾನು ಅಂದುಕೊಂಡಿದ್ದರೆ, ಸಿರುಗುಪ್ಪದ ಕಡೆಯ ನಲವತ್ತು ದಾಟಿದ ಮನುಷ್ಯ, ಹೆಂಡತಿ ಮಕ್ಕಳು ಇದ್ದವನು. ಬೇರೆ ಊರಿನ ಐದಾರು ಹುಡುಗಿಯರಿಗೂ ಇದೇ ಆಟ ಹೂಡಿದ್ದನಂತೆ. ಅವನ ಮೇಲೆ ಕೇಸಾಯಿತು. ಹುಲಿಗೆಮ್ಮನ ಫೋಟೋವನ್ನು ಅವನು ಎಲ್ಲಿಗೂ ಕಳಿಸಿರಲಿಲ್ಲ ಎಂದು ಠಾಣೆಯಿಂದ ಖಾತ್ರಿಪಡಿಸಿದ ದಿನ ಹನುಮಂತಪ್ಪ ಶಾಲೆಗೆ ಒಂದು ಚೀಲ ಹಸಿಮೆಣಸಿನಕಾಯಿ ತಂದುಕೊಟ್ಟ. ಪ್ರೀತಿಗೋ, ನನ್ನ ಬಾಯಿಗೆ ಖಾರ ಬೀಳಲಿ ಎಂದೋ, ತಿಳಿಯಲಿಲ್ಲ.

ನಾನು ಎಂಟು ವರ್ಷದ ಫೋಟೋಗಳನ್ನು ಅಳಿಸಲು ಕೂತೆ. ಅಳಿಸುತ್ತ ಹೋದಂತೆ ತಿಳಿಯಿತು, ಈ ತಾಲ್ಲೂಕಿನ ಹೆಣ್ಣುಮಕ್ಕಳ ಜನಗಣತಿಯನ್ನು ಸರ್ಕಾರಕ್ಕಿಂತ ಅಚ್ಚುಕಟ್ಟಾಗಿ ನಾನೇ ಮಾಡಿಟ್ಟಿದ್ದೇನೆ ಎಂದು. ಒಬ್ಬಳ ಹೆಸರಿನ ಕೆಳಗೆ ಅವಳ ಬಸ್ಸಿನ ಸಮಯವೂ ಇತ್ತು. ಇಷ್ಟು ಹೊತ್ತಿಗೆ ಹುಡುಗಿಯರು ತಾವೇ ಸಭೆ ಸೇರಿ ನನಗೆ ಕಾಯಿದೆ ಮಾಡಿದ್ದರು. ಶಾಹೀನ್ ಅದನ್ನು ಓದಿ ಹೇಳಿದಳು: "ಮಿಸ್ಸು ಇನ್ನ ಮ್ಯಾಲೆ ಯಾವ ಫೋಟೋ ಹಾಕಬೇಕಂದ್ರೂ ಅದರಾಗ ಇದ್ದೋರನ್ನೆಲ್ಲ ಕೇಳಬೇಕು. ಒಬ್ಬಾಕಿ ಬ್ಯಾಡ ಅಂದ್ರೂ ಹಾಕಂಗಿಲ್ಲ. ಯಾಕ ಬ್ಯಾಡ ಅಂತ ಕೇಳಂಗಿಲ್ಲ." ಹುಲಿಗೆಮ್ಮ ಅದರ ಸುತ್ತ ಬಳ್ಳಿಯ ಅಂಚು ಬರೆದು ಗೋಡೆಗೆ ಅಂಟಿಸಿದಳು. ನಾನು ಸಹಿ ಹಾಕಿದೆ.

ವರ್ಷದ ಕೊನೆಗೆ ಮೇಲಿನ ಕಚೇರಿಯಿಂದ ಒಂದು ಆದೇಶ ಬಂತು. ಸೈಬರ್ ಸುರಕ್ಷತೆಯ ಪಾಠ ನಡೆದದ್ದಕ್ಕೆ ಸಾಕ್ಷಿ ಬೇಕು; ಹೆಣ್ಣುಮಕ್ಕಳ ಮುಖ ಸ್ಪಷ್ಟವಾಗಿ ಕಾಣುವ ಫೋಟೋ, ಹೆಸರಿನ ಪಟ್ಟಿ, ತೆಗೆದ ಜಾಗದ ಗುರುತು, ಎಲ್ಲವನ್ನೂ ಕೂಡಲೇ ಅಪ್‌ಲೋಡ್ ಮಾಡತಕ್ಕದ್ದು. ನಾನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಈ ಸಲ ಅವರು ನಕ್ಕರು. ಚರ್ಚೆಯಾಗಿ, ಎಲ್ಲರೂ ಬೆನ್ನು ತಿರುಗಿಸಿ ನಿಲ್ಲುವುದೆಂದು ತೀರ್ಮಾನವಾಯಿತು. ನ್ಯಾಯಕ್ಕೆ ನಾನೂ ಬೆನ್ನು ತಿರುಗಿಸಿದೆ. ಹೆಡ್ ಮಾಸ್ತರು ಫೋಟೋ ತೆಗೆದರು. ಹೆಸರಿಲ್ಲದೆ, ಜಾಗದ ಗುರುತಿಲ್ಲದೆ ಅದನ್ನು ಕಳಿಸಿದೆವು. ಸಂಜೆ ಕಚೇರಿಯವರ ಫೋನು ಬಂತು.

"ಮೇಡಂ, ಇದರಾಗ ಬರೇ ಜಡಿ ಅದಾವಲ್ರಿ. ಮಕ್ಕಳು ಎಲ್ಲಿ?"

"ಜಡಿ ಮುಂದ ಅದಾರ್ರಿ ಸರ್."

"ನೀವು ಯಾರು ಇದರಾಗ?"

"ತುರುಬು ನಾನ್ರಿ. ಪಾಠ ಕಲ್ತಾರ ಅನ್ನೋದಕ್ಕ ಇದ ಸಾಕ್ಷಿರಿ."

ಆ ಕಡೆ ಕಾಗದ ಮಗುಚುವ ಸದ್ದಾಯಿತು. ಆಮೇಲೆ "ಆತು ಬಿಡ್ರಿ," ಎಂದು ಇಟ್ಟರು.

ಆದರೆ ಒಂದು ಮಾತು. ಆ ಫೋಟೋದಲ್ಲಿ ನಾನು ಬಹಳ ಚೆನ್ನಾಗಿ ಬಂದಿದ್ದೆ. ಐವತ್ತು ದಾಟಿದ ಮೇಲೆ ಮುಂದಿನಿಂದ ತೆಗೆದ ಯಾವ ಫೋಟೋದಲ್ಲೂ ನಾನು ಅಷ್ಟು ಲಕ್ಷಣವಾಗಿ ಕಂಡದ್ದಿಲ್ಲ. ತುರುಬಿಗೆ ಅಂದೇ ಕನಕಾಂಬರ ಮುಡಿದಿದ್ದೆ. ಜಂಪರಿನ ಬೆನ್ನು ನಾನೇ ಹೊಲಿದದ್ದು, ಒಂದು ಸುಕ್ಕಿಲ್ಲ. ಒಂದೇ ಒಂದು ದಿನ ಸ್ಟೇಟಸ್ಸಿಗೆ ಹಾಕಿಕೊಳ್ಳಲೇ ಎಂದು ಕಾಯಿದೆಯಂತೆ ಎಲ್ಲರನ್ನೂ ಕೇಳಿದೆ. ಮುಖವಿಲ್ಲ, ಹೆಸರಿಲ್ಲ, ಯಾರು ಬೇಡವೆಂದಾರು? ಹುಲಿಗೆಮ್ಮ ಮೊದಲಿಗೇ ಹೂಂ ಎಂದಳು. ನಲವತ್ತೊಂದು ಜನ ಒಪ್ಪಿದರು. ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಮಾತೇ ಆಡದೆ ಕೂತಿದ್ದ ಸುಂಕಮ್ಮ ಎಂಬ ಸಣ್ಣ ಹುಡುಗಿ ಮಾತ್ರ ಎದ್ದು ನಿಂತು, "ಬ್ಯಾಡ್ರಿ ಮಿಸ್," ಎಂದಳು.

ಯಾಕೆ ಎಂದು ಕೇಳುವಂತಿರಲಿಲ್ಲ. ನಾನು ಕೇಳಲಿಲ್ಲ, ಮುಖ ಮಾತ್ರ ಕೇಳಿತೆಂದು ಕಾಣುತ್ತದೆ. "ನನ್ನ ಜಡಿ ಸಣ್ಣದೈತ್ರಿ," ಎಂದಳು.

"ಕಚೇರಿಗೆ ಕಳಿಸುವಾಗ ಹೂಂ ಅಂದಿದ್ದೆಲ್ಲವ್ವ?"

"ಅಲ್ಲಿ ಯಾರೂ ನೋಡಂಗಿಲ್ರಿ. ಸ್ಟೇಟಸ್ ಎಲ್ಲಾರೂ ನೋಡ್ತಾರ."

"ನಿನ್ನ ಜಡಿ ಅಂತ ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತಾಗತೈತಲ್ರಿ."

ಎಂಥ ಮಾತು ನೋಡಿ. ನಾನು ವರ್ಷವಿಡೀ ಕಲಿಸಲು ಹೆಣಗಿದ್ದು ಇದನ್ನೇ. ಹೆಮ್ಮೆಯಿಂದ ಎದೆಯುಬ್ಬಿ ಅವಳನ್ನು ಮೆಚ್ಚಿಕೊಂಡು, ಇಡೀ ತರಗತಿಯಿಂದ ಚಪ್ಪಾಳೆ ತಟ್ಟಿಸಿದೆ. ಬಸ್ಸಿನಲ್ಲಿ ಬರುವಾಗ ಮಾತ್ರ, ಈ ಹುಡುಗಿ ಆ ದಿನ ಗೈರುಹಾಜರಾಗಿದ್ದರೆ ಏನಾಗುತ್ತಿತ್ತು ಎಂದು ಎರಡು ಸಲ ಯೋಚಿಸಿದೆ. ಫೋಟೋ ಹಾಕಿಲ್ಲ, ಹಾಕುವುದೂ ಇಲ್ಲ. ಹಾಗಾಗಿ ಆ ತುರುಬು, ಆ ಕನಕಾಂಬರ, ಆ ಸುಕ್ಕಿಲ್ಲದ ಬೆನ್ನು ಹೇಗಿದ್ದವೆಂಬುದನ್ನು ನೀವು ನನ್ನ ಬಾಯಿಮಾತಿನ ಮೇಲೆಯೇ ನಂಬಬೇಕಾಗಿದೆ. ಗುರುತಿಲ್ಲದವರ ಮಾತನ್ನು ಹಾಗೆಲ್ಲ ನಂಬಬಾರದೆಂದು ಪಾಠ ಮಾಡಿದವಳೂ ನಾನೇ.